ಬಟ್ಟೆ ಒಗೆಯುವ ಕಲ್ಲಿನ ಬಳಿಯ ಗಿಡ

ಸತ್ತವರು ಹದಿಮೂರನೇ ದಿನ, ತಾವು ಹೆಚ್ಚು ಕಾಲ ಕಳೆದ ಜಾಗದಲ್ಲಿ ಬಣ್ಣದೆಲೆಯ ಗಿಡವಾಗಿ ಏಳುತ್ತಿದ್ದರು. ಯಾರೆಂದು ತಿಳಿಯದಿದ್ದರೆ ಮನೆಯವರು ಅದರ ಫೋಟೊ ತೆಗೆದುಕೊಂಡು ಧಾರವಾಡದ ಗಿಡದ ಕಚೇರಿಗೆ ಬರುತ್ತಿದ್ದರು. ಎಲೆ ನೋಡಿ ಹೆಸರು ಹೇಳುವುದು ಸಾವಂತ್ರಿಯ ಕೆಲಸ. ತಮ್ಮವರಾದರೆ ಜನ ನೀರೆರೆಯುತ್ತಿದ್ದರು, ಹೊರಗಿನವರಾದರೆ ಕಿತ್ತೆಸೆಯುತ್ತಿದ್ದರು.

ಶಕುಂತಲಾಬಾಯಿ ಫೋಟೊ ಮುಂದಿಟ್ಟರು. "ಬಟ್ಟಿ ಒಗಿಯೋ ಕಲ್ಲಿನ ಮಗ್ಗಲ ಎದ್ದದ. ಯಾರು ನೋಡವಾ."

ಪ್ರತಿ ಎಲೆಯ ತುದಿಯೂ ಸೀಳಿತ್ತು, ಓಲೆಯ ಭಾರಕ್ಕೆ ಹರಿದ ಅವ್ವನ ಕಿವಿಯ ಹಾಗೆ. ಅವ್ವ ದ್ಯಾಮವ್ವ ಇಪ್ಪತ್ತು ವರ್ಷ ಆ ಕಲ್ಲಿನ ಮೇಲೆ ಇವರ ಬಟ್ಟೆ ಒಗೆದವಳು. ಸಾವಂತ್ರಿ ಅವಳ ಮಗಳೆಂದು ಇವರಿಗೆ ಗೊತ್ತಿರಲಿಲ್ಲ. ಒಗೆಯುವವಳನ್ನು ಯಾರು ಉಳಿಸಿಕೊಂಡಾರು? ಅವ್ವ ತೀರಿದ ವಾರವೇ, ದಿನವಿಡೀ ಆ ಕಲ್ಲಿನ ಬಳಿ ಕೂತು ಒಗೆಯುವುದನ್ನು ಕಾಯುತ್ತಿದ್ದ ಇವರ ಅತ್ತೆಯೂ ತೀರಿದ್ದರು.

"ನಿಮ್ಮ ಅತ್ತಿಯವರ್ರೀ," ಎಂದು ತಲೆ ಎತ್ತದೆ ಹೇಳಿ ಸಾವಂತ್ರಿ ಮುದ್ರೆ ಒತ್ತಿದಳು.

ಶಕುಂತಲಾಬಾಯಿ ನಕ್ಕರು. "ಕಡೀಕೂ ನನ್ನ ಕೈಗೆ ಸಿಕ್ಕರು! ಎಷ್ಟು ವರ್ಷ ನನ್ನ ಗೋಳು ಹೊಯ್ಕೊಂಡ್ರು. ಇನ್ನ ದಿನಾ ಕುದಿಯೋ ಗಂಜಿ ಬೇರಿಗೆ ಸುರೀತೀನಿ. ನಮ್ಮ ದ್ಯಾಮವ್ವ ಇರಬೇಕು ಅಂತ ಆಸಿ ಇತ್ತು, ಪಡಸಾಲ್ಯಾಗ ಇಟ್ಕೋತಿದ್ದೆ."

ಸಾವಂತ್ರಿ ಎದ್ದು ನಿಂತಳು. "ಬಾಯಾರ, ಸುಳ್ಳು ಹೇಳಿದ್ನಿರೀ. ಅದು ದ್ಯಾಮವ್ವನ ಗಿಡ ಐತ್ರೀ!"

"ಗಂಜಿ ಅಂದ ಕೂಡ್ಲೆ ಮುದುಕಿ ಮ್ಯಾಲ ಕನಿಕರ ಬಂತೇನು?" ಶಕುಂತಲಾಬಾಯಿ ಮುದ್ರೆಯ ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. "ಬಿಡವಾ, ಅನ್ನಕ್ಕಿಟ್ಟು ಬಂದೀನಿ. ಗಂಜಿ ಆರೋದ್ರಾಗ ಮನಿ ಮುಟ್ಟಬೇಕು."