ಚಕ್ರದ ಮುಚ್ಚಳದಲ್ಲಿ ಸಿಕ್ಕ ನಿಂಬೆಹಣ್ಣು

ಮೊಮ್ಮಗಳ ಹೊಸ ಸ್ಕೂಟರಿನ ಚಕ್ರದಡಿ ಇವತ್ತು ನಿಂಬೆಹಣ್ಣು ಚಟ್ಟೆಂದು ಒಡೆಯಿತು ನೋಡಿ, ಆ ಘಮಕ್ಕೂ ಈ ಸಂತೋಷಕ್ಕೂ ನನ್ನ ಬಾಯಿ ನಿಲ್ಲುತ್ತಲೇ ಇಲ್ಲ.

ಅವತ್ತೂ ಆಯುಧಪೂಜೆ, ನನಗೆ ಎಂಟು ವರ್ಷ. ಸೋದರಮಾವ ತಾನೇ ಕಟ್ಟಿದ ಪುಟ್ಟ ವಿಮಾನದಲ್ಲಿ ನನ್ನನ್ನು ಕೂರಿಸಿಕೊಂಡು ಹಾರುತ್ತೇನೆಂದು ಮಾತು ಕೊಟ್ಟಿದ್ದ. ಗಾಳಿ ತಡೆಯದಿರಲೆಂದು ಅದರ ಚಕ್ರಗಳಿಗೆ ತಗಡಿನ ಮುಚ್ಚಳ ತೊಡಿಸಿದ್ದ. ಒಳಗೆ ಕೆಸರು ಮೆತ್ತಿದರೆ ಚಕ್ರ ತಿರುಗುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆಯೆಲ್ಲ ಬಿಚ್ಚಿ, ಕೆರೆದು, ಒರೆಸಿ ಮತ್ತೆ ಬಿಗಿದಿದ್ದ.

ಮಧ್ಯಾಹ್ನ ಮೇಟಗಳ್ಳಿಯ ಬಯಲಲ್ಲಿ ಅಜ್ಜಿ ಕುಂಕುಮ ಹಚ್ಚಿ, ಚಕ್ರಕ್ಕೊಂದರಂತೆ ನಿಂಬೆಹಣ್ಣಿಟ್ಟಳು. ವಿಮಾನ ಒಂದು ಮಾರು ಉರುಳಿ ಗಕ್ಕನೆ ನಿಂತಿತು.

“ಹಣ್ಣು ಒಳಗೆ ಸಿಕ್ಕಾಕೊಂಡದೆ! ಈಗ್ತಾನೆ ಬಿಗಿದಿದ್ದೆ ಕಣಮ್ಮ!” ಎಂದು ಮಾವ ತಲೆ ಚಚ್ಚಿಕೊಂಡ.

“ಬಿಚ್ಚು ಮತ್ತೆ. ಶಾಸ್ತ್ರ ಬುಡಕ್ಕಾಯ್ತದಾ?” ಎಂದಳು ಅಜ್ಜಿ.

ದಿನಾ ಬಿಚ್ಚಿ ಬಿಚ್ಚಿ ಒಂದು ತಿರುಪಿನ ತಲೆಯೇ ಸವೆದಿತ್ತು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಕಾಲು ಬಡಿದು ಅತ್ತೆ.

“ಬೇಗ ಬಿಚ್ಚು ಮಾವ!”

“ಬಿಚ್ತಾ ಇವ್ನಿ ಕಣವ್ವ! ಅಲ್ಲೀಗಂಟ ಹೋಗಿ ಸೂರ್ಯನ್ನ ಹಿಡ್ಕೊಂಡು ನಿಂತ್ಕೊ!”

ಮುಚ್ಚಳ ಕಳಚುವಷ್ಟರಲ್ಲಿ ಹೊತ್ತು ಮುಳುಗಿತು, ಹಾರಾಟವೂ ಹೋಯಿತು. ಆ ಒಂದೇ ಮುಚ್ಚಳದಿಂದ ಮೂರು ಹಣ್ಣು ಉದುರಿದವು. ಒಂದು ಅಪ್ಪಚ್ಚಿಯಾಗಿತ್ತು. ಉಳಿದೆರಡಕ್ಕೆ ಗೀರೂ ಬಿದ್ದಿರಲಿಲ್ಲ, ಯಾರೋ ಕೈಯಾರೆ ಒಳಗೆ ತುರುಕಿದಂತಿದ್ದವು.

ಮಾವ ಅಜ್ಜಿಯನ್ನೇ ನೋಡಿದ.

“ಒಗೀಬ್ಯಾಡ, ಮಗೀಗೆ ಪಾನಕ ಮಾಡ್ಕೊಡ್ತೀನಿ” ಎಂದ ಅಜ್ಜಿ, ಮನೆ ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ.