ಒಂದೇ ಗುಂಡಿ ಸಾಕು

ರೇಟೋ ತನ್ನ ಅಂಗಡಿಯ ಮೇಜಿನ ಮೇಲೆ ಮೂರು ಟ್ರ್ಯಾಕರ್‌ಗಳನ್ನು ಇಟ್ಟಿದ್ದೇ ತಡ, ಓಡಿಲೋ ಎಲ್ಲಕ್ಕಿಂತ ಚಿಕ್ಕದನ್ನು ತೋರಿಸಿ, "ಇದೇ ಇರ್ಲಿ, ಕಟ್ಟಿಕೊಡು" ಎಂದ. ಓಡಿಲೋನ ಹೆಂಡತಿ ಫಿಲೊಮೇನಾ ಕುರ್ಚಿ ಎಳೆದುಕೊಂಡು ಆರಾಮವಾಗಿ ಕುಳಿತಳು. ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಪ್ಯಾರಾಗ್ಲೈಡಿಂಗ್ ಮಾಡುವವರು ಮೊಬೈಲ್ ಸಿಗದ ಯಾವುದೋ ಕಣಿವೆಯಲ್ಲಿ ಬಿದ್ದರೂ ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸುವ ಸಾಧನ ಇದು, ಆಲೂಗಡ್ಡೆ ಕೊಂಡಹಾಗೆ ನಿಂತ ಕಾಲಲ್ಲಿ ಕೊಳ್ಳುವುದಲ್ಲ, ಮೂರರ ವಿವರವನ್ನೂ ಕೇಳೋಣ ಎಂದಳು.

ರೇಟೋ ವಿವರಿಸಿದ. ಚಿಕ್ಕದಕ್ಕೆ ಇರುವುದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಕ್ಷೇಮವಾಗಿದ್ದೇನೆ ಎಂದು ಮನೆಗೆ ಸಂದೇಶ ಹೋಗುತ್ತದೆ, ಒತ್ತಿ ಹಿಡಿದರೆ ರಕ್ಷಣಾ ಪಡೆಗೆ ಕರೆ ಹೋಗುತ್ತದೆ. ನಡುವಿನದು ಹತ್ತು ನಿಮಿಷಕ್ಕೊಮ್ಮೆ ನಕ್ಷೆಯ ಮೇಲೆ ಚುಕ್ಕೆ ಇಡುತ್ತದೆ, ಮನೆಯವರ ಜೊತೆ ಸಂದೇಶ ಕಳಿಸಿ ಪಡೆಯಲೂ ಆಗುತ್ತದೆ. ದೊಡ್ಡದು ಎರಡು ನಿಮಿಷಕ್ಕೊಮ್ಮೆ ಚುಕ್ಕೆ ಇಡುತ್ತದೆ.

"ಎಷ್ಟು ಎತ್ತರದಲ್ಲಿ ಅನ್ನೋದೂ ಮನೇಲಿ ಕೂತೋರಿಗೆ ಕಾಣುತ್ತಾ?" ಎಂದು ಫಿಲೊಮೇನಾ ಕೇಳಿದಳು.

"ಕಾಣುತ್ತೆ. ಮೀಟರ್ ಲೆಕ್ಕದಲ್ಲಿ."

ಓಡಿಲೋ ಚಿಕ್ಕದನ್ನೇ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಏಪ್ರಿಲ್‌ನಲ್ಲಿ ಹಿಮನದಿಯ ಮೇಲೆ ಹಾರುವಾಗ ಅವನ ರೆಕ್ಕೆಯ ಅರ್ಧ ಭಾಗ ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡಿತ್ತು. ಮರುಕ್ಷಣವೇ ಬಿಚ್ಚಿಕೊಂಡಿತು, ಅವನ ಕೂದಲೂ ಕೊಂಕಲಿಲ್ಲ. ಆದರೆ ಅಂದಿನಿಂದ ಅವನ ಕಾಲು ನೆಲ ಬಿಟ್ಟಿಲ್ಲ. ಹವಾ ಚೆನ್ನಾಗಿರುವ ದಿನ ರೆಕ್ಕೆಯ ಚೀಲ ಹೊತ್ತು ಕೇಬಲ್ ಕಾರಿನಲ್ಲಿ ಬೆಟ್ಟ ಹತ್ತುತ್ತಾನೆ, ಮೇಲಿನ ಹೋಟೆಲಿನ ಜಗಲಿಯಲ್ಲಿ ಏಪ್ರಿಕಾಟ್ ಕೇಕ್ ತಿಂದು, ಹಾರುವವರನ್ನು ನೋಡುತ್ತ ಹೊತ್ತು ಕಳೆದು, ಅದೇ ಕೇಬಲ್ ಕಾರಿನಲ್ಲಿ ಇಳಿದು ಬರುತ್ತಾನೆ. ಮನೆಯಲ್ಲಿ ಮಾತ್ರ ಮೋಡ, ಹದ್ದು, ಬಿಸಿಗಾಳಿ ಎಂದು ಬಣ್ಣ ಕಟ್ಟಿ ಹೇಳುತ್ತಾನೆ. ಊರವರು ಪುಕ್ಕಲ ಎಂದರೆ ಹೇಗೋ ಸಹಿಸಿಯಾನು. ಇಷ್ಟು ವರ್ಷ ತನ್ನನ್ನು ಹದ್ದೆಂದೇ ನಂಬಿದ ಹೆಂಡತಿಯ ಎದುರು ಕೋಳಿಯಾಗುವುದು ಅವನಿಂದಾಗದ ಮಾತಾಗಿತ್ತು.

ಆದ್ದರಿಂದ ಅವನು ಪಂಡಿತನಾದ. ದೊಡ್ಡದರ ಬ್ಯಾಟರಿ ಚಳಿಗೆ ಸತ್ತುಹೋಗುತ್ತದೆ ಎಂದ. ರೇಟೋ ಇಲ್ಲವೆಂದ. ನಡುವಿನದರ ಗುಂಡಿಗಳನ್ನು ಕೈಗವಸು ಹಾಕಿಕೊಂಡು ಒತ್ತಲಾಗದು ಎಂದ. ಫಿಲೊಮೇನಾ ಚೀಲದಿಂದ ದಪ್ಪ ಕೈಗವಸು ತೆಗೆದು ಹಾಕಿಕೊಂಡು ಒತ್ತಿಯೇ ತೋರಿಸಿದಳು. ಜುಲೈ ಬಿಸಿಲಿನಲ್ಲೂ ಕೈಗವಸು ಹೊತ್ತು ಬಂದಿದ್ದ ಅವಳ ಮುಂಜಾಗ್ರತೆಯನ್ನು ಓಡಿಲೋ ಮನಸ್ಸಿನಲ್ಲೇ ಶಪಿಸಿದ. ಇದನ್ನು ಎಲ್ಲಿ ಕಟ್ಟಿಕೊಳ್ಳಬೇಕು ಎಂದು ಅವಳು ಕೇಳಿದಳು. ಭುಜದ ಪಟ್ಟಿಗೆ ಕಟ್ಟಬೇಕು, ಮರಕ್ಕೆ ಸಿಕ್ಕಿಕೊಂಡು ನೇತಾಡುವಾಗಲೂ ಕೈಗೆ ಎಟುಕಬೇಕು ಎಂದ ರೇಟೋ. ಅವಳು ತನ್ನ ಎಡಭುಜವನ್ನು ಮುಟ್ಟಿ ನೋಡಿಕೊಂಡಳು.

ಇನ್ನು ಉಳಿದದ್ದು ತತ್ವಜ್ಞಾನ. "ನೋಡು ಫಿಲೊಮೇನಾ, ಆಕಾಶದಲ್ಲಿರೋರನ್ನ ಅವರ ಪಾಡಿಗೆ ಬಿಡ್ಬೇಕು. ಎರಡೆರಡು ನಿಮಿಷಕ್ಕೆ ಮನೆಯೋರು ಇಣುಕ್ತಾ ಇದ್ರೆ ಅದು ಹಾರಾಟ ಅಲ್ಲ, ನಾಯೀನ ಕಟ್ಟಿಹಾಕಿದ ಹಾಗೆ. ಇಳಿದ್ಮೇಲೆ ಒಂದು ಗುಂಡಿ ಒತ್ತಿದ್ರೆ ಮುಗೀತು. ಮನೇಲಿರೋರು ಸ್ವಲ್ಪ ಧೈರ್ಯ ಇಟ್ಕೋಬೇಕು, ಅಷ್ಟೆ."

"ಅನುಭವಸ್ಥ ನೀನು, ನೀನು ಹೇಳಿದ್ಮೇಲೆ ಸರಿ," ಎಂದಳು ಫಿಲೊಮೇನಾ. "ರೇಟೋ, ಚಿಕ್ಕದೇ ಕೊಡು. ನನ್ನ ಹೆಸರಿಗೆ ಬರ್ಕೋ."

ನಿರಾಳವಾಗಿ ಉಸಿರು ಬಿಡುತ್ತಿದ್ದ ಓಡಿಲೋ ಅರ್ಧಕ್ಕೇ ನಿಲ್ಲಿಸಿದ. "ನಿನ್ನ ಹೆಸರಿಗೆ ಯಾಕೆ?"

"ಭಾನುವಾರ ಹಾರೋಳು ನಾನಲ್ವಾ."

ರೇಟೋಗೆ ಇದ್ದಕ್ಕಿದ್ದಂತೆ ಹಿಂದಿನ ಕಪಾಟಿನ ಧೂಳು ಒರೆಸುವ ಕೆಲಸ ನೆನಪಾಯಿತು. ಫಿಲೊಮೇನಾ ಕೈಗವಸು ಕಳಚುತ್ತ ಎಲ್ಲವನ್ನೂ ಹೇಳಿದಳು. ಮೇ ತಿಂಗಳಿನಿಂದ ಚರ್ಚಿನ ಹಾಡಿನ ಅಭ್ಯಾಸ ಎಂದು ಹೇಳಿ ಹೊರಟಾಗಲೆಲ್ಲ ಅವಳು ಹೋಗುತ್ತಿದ್ದುದು ರೇಟೋನ ಹಾರಾಟದ ಶಾಲೆಗೆ. ಸಣ್ಣ ಇಳಿಜಾರಿನಲ್ಲಿ ಹಾರಿ ಕಲಿಯುವ ಪಾಠ ಮುಗಿದಿದೆ. ಭಾನುವಾರ ಮೊದಲ ಸಲ ಬೆಟ್ಟದ ಮೇಲಿನಿಂದ ಒಬ್ಬಳೇ ಹಾರುತ್ತಾಳೆ.

"ಆ ಇಳಿಜಾರಿನಿಂದ ಹೋಟೆಲಿನ ಜಗಲಿ ಚೆನ್ನಾಗಿ ಕಾಣುತ್ತೆ ಓಡಿಲೋ. ನಿನ್ನ ಕೇಕ್ ಕೂಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಜವಾಗ್ಲೂ ಹಾರ್ತಿದ್ದಾಗ ನೀನು ಮನೆಗೆ ಬಂದು ಸೂಪ್ ಕೇಳ್ತಿದ್ದೆ, ಮಲಗ್ತಿದ್ದೆ. ಒಂದು ದಿನಾನೂ ಹಾರಾಟದ ಬಗ್ಗೆ ಒಂದು ಮಾತು ಹೇಳಿದ್ದಿಲ್ಲ. ಈ ವರ್ಷ ನೀನು ಹೇಳಿದ ಸುಳ್ಳು ಎಷ್ಟು ಚೆನ್ನಾಗಿತ್ತು ಅಂದ್ರೆ, ಕೇಳಿ ಕೇಳಿ ನನಗೂ ಆಸೆ ಆಯ್ತು."

ನಾಚಿಕೆಯಿಂದ ಭೂಮಿಗೆ ಇಳಿದುಹೋಗಬೇಕಾದ ಗಳಿಗೆ ಅದು. ಓಡಿಲೋಗೆ ನಾಚಿಕೆಯಾಗಲು ಪುರುಸೊತ್ತೇ ಇರಲಿಲ್ಲ. ಅವನ ಕಣ್ಣೆದುರು ಹಿಮನದಿಯ ಮೇಲೆ ಒಂದು ರೆಕ್ಕೆ ಮುದುಡಿಕೊಳ್ಳುತ್ತಿತ್ತು, ಅದರ ಕೆಳಗೆ ತೂಗುತ್ತಿದ್ದವಳು ಫಿಲೊಮೇನಾ. ಏಪ್ರಿಲ್‌ನಲ್ಲಿ ತನ್ನ ಜೀವಕ್ಕಾಗಿ ಪಟ್ಟ ಹೆದರಿಕೆ ಇದರ ಮುಂದೆ ಏನೂ ಅಲ್ಲ ಎನಿಸಿತು. ರೇಟೋ ಕಟ್ಟಲು ತೆಗೆದಿಟ್ಟಿದ್ದ ಚಿಕ್ಕ ಡಬ್ಬಿಯನ್ನು ಅವನು ಪಕ್ಕಕ್ಕೆ ತಳ್ಳಿದ. ದೊಡ್ಡ ಟ್ರ್ಯಾಕರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಎರಡು ನಿಮಿಷಕ್ಕೊಂದು ಚುಕ್ಕೆ ಅಂದ್ಯಲ್ಲ ರೇಟೋ," ಎಂದ. "ನಡುವೆ ಆ ಎರಡು ನಿಮಿಷ ನಾನು ಏನು ಮಾಡ್ಲಿ?"