ಮೊಣಕಾಲು ಮೀರಿದ ಕಳೆ

ಖಾಲಿ ಸೈಟಿನ ಹುಲ್ಲಿನೊಳಗೆ ಯಾರೋ ಕೆಮ್ಮಿದರು. ಅಧ್ಯಕ್ಷರು ಗೋಡೆಯ ಈಚೆ ಉಸಿರು ಬಿಗಿಹಿಡಿದು ನಿಂತರು. ಒಳಗೆ ಹೋಗಿ ನೋಡಬಹುದಿತ್ತು. ಆದರೆ ಅಧ್ಯಕ್ಷರಾದವರು ಏಕಾಏಕಿ ಧೈರ್ಯ ತೋರಿಸಬಾರದು, ಅದಕ್ಕೆ ಬೇರೆಯವರಿದ್ದಾರೆ.

ಬೀದಿಯ ನಿವಾಸಿಗಳ ಸಂಘಕ್ಕೆ ಅವರು ಅಧ್ಯಕ್ಷರು. ಪಕ್ಕದ ಈ ಸೈಟಿನ ಮಾಲೀಕ ಯಾವ ಊರಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ನಿಯಮ ಮಾತ್ರ ಅಧ್ಯಕ್ಷರಿಗೆ ಬಾಯಿಪಾಠ: ಕಳೆ ಮೊಣಕಾಲು ಮೀರಿದರೆ ಮಾಲೀಕನೇ ತೆಗೆಸಬೇಕು, ಇಲ್ಲವಾದರೆ ನಗರಸಭೆ ತೆಗೆಸಿ ಖರ್ಚನ್ನು ಅವನ ತಲೆಗೆ ಕಟ್ಟುತ್ತದೆ. ಇದನ್ನು ಅವರು ಹೆಂಡತಿಗೆ ತಿಂಡಿಯ ಹೊತ್ತಿಗೊಮ್ಮೆ, ಊಟದ ಹೊತ್ತಿಗೊಮ್ಮೆ, ಟಿಪ್ಪಣಿ ಸಮೇತ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಹೇಳುವುದು ಬಹಳವಿತ್ತು.

ಆ ಸಂಜೆ ಹೆಂಡತಿ ವಾಕಿಂಗ್ ಮುಗಿಸಿ ಬಂದಾಗ ಅವಳ ಮುಖದಲ್ಲಿ ಒಳ್ಳೆಯ ಕಳೆಯಿತ್ತು. ಅಧ್ಯಕ್ಷರಿಗೆ ಆ ಕಳೆ ಕಾಣಲಿಲ್ಲ. ಅವರ ತಲೆಯಲ್ಲಿದ್ದದ್ದು ಇನ್ನೊಂದು ಕಳೆ.

“ಹುಲ್ಲೊಳಗೆ ಕಳ್ಳ ಸೇರ್ಕೊಂಡಿದಾನೆ ಕಣೆ. ಕೆಮ್ಮಿದ್ದು ಈ ಕಿವಿಯಾರೆ ಕೇಳಿದೆ.”

“ಬೆಕ್ಕಿರಬೇಕು ಬಿಡಿ.”

“ಬೆಕ್ಕು ಕೆಮ್ಮುತ್ತಾ?”

“ಯಾರಾದ್ರೂ ಆಗ್ಲಿ, ಯಾರಿಗೂ ತೊಂದ್ರೆ ಕೊಟ್ಟಿಲ್ವಲ್ಲ. ಹುಲ್ಲು ತನ್ನ ಪಾಡಿಗೆ ತಾನಿರ್ಲಿ.”

“ತೊಂದ್ರೆ ಇಲ್ವಾ? ಇದೇನಿದು?” ಅಧ್ಯಕ್ಷರು ಅವಳ ಬಟ್ಟೆಯ ಅಂಚಿಗೆ ಅಂಟಿದ್ದ ಮುಳ್ಳುಬೀಜವೊಂದನ್ನು ಕಿತ್ತು ಹಿಡಿದರು. “ರಸ್ತೇಲಿ ನಡೆಯೋರನ್ನೂ ಬಿಡಲ್ಲ ಈ ದರಿದ್ರ ಕಳೆ.”

ಮರುದಿನ ಬೀದಿಗೆಲ್ಲ ಸಾರಿದರು: ಕಳೆ ತೆಗೆಸಿ ಕಳ್ಳನ ಅಡಗುತಾಣ ತೋರಿಸುತ್ತೇನೆ, ಇಲ್ಲದಿದ್ದರೆ ಅಧ್ಯಕ್ಷಗಿರಿ ಬಿಡುತ್ತೇನೆ. ಅಂದ ಮೇಲೆ ಯೋಚನೆಗಿಟ್ಟುಕೊಂಡಿತು. ಪದವಿ ಹೋದರೆ ಬೀದಿಯಲ್ಲಿ ತಮ್ಮ ಮಾತು ಕೇಳುವವರು ಯಾರು?

“ಒಂದು ಮೂಲೆಯನ್ನಾದ್ರೂ ಬಿಡ್ಸಿ,” ಎಂದಳು ಹೆಂಡತಿ. ನಿಯಮದಲ್ಲಿ ಮೂಲೆಗೆ ವಿನಾಯಿತಿ ಯಾಕಿಲ್ಲ ಎಂಬುದನ್ನು ಅಧ್ಯಕ್ಷರು ಅವಳಿಗೆ ಸಾರು ಆರುವವರೆಗೆ ವಿವರಿಸಿದರು.

ಕೊನೆಗೂ ನಗರಸಭೆಯ ಹುಲ್ಲು ಕತ್ತರಿಸುವವನು ಯಂತ್ರ ಹೊತ್ತು ಬಂದ. ಬೀದಿಗೆ ಬೀದಿಯೇ ಗೋಡೆಯ ಬಳಿ ನೆರೆಯಿತು. ಹುಲ್ಲು ಸಾಲುಸಾಲಾಗಿ ಮಲಗಿತು. ನಟ್ಟನಡುವೆ ಯಂತ್ರ ನಿಂತಿತು.

ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ದಿಂಬು. ಪಕ್ಕದಲ್ಲಿ ಬೋರಲು ಮಲಗಿಸಿದ ಕಾದಂಬರಿ, ಒಂದು ಫ್ಲಾಸ್ಕು.

“ಕಳ್ಳ ಅಲ್ಲ ಸಾರ್,” ಎಂದ ಯಂತ್ರದವನು. “ಯಾರೋ ಒಂದು ಗಳಿಗೆ ನೆಮ್ಮದಿಯಾಗಿ ಕೂರೋಕೆ ಬರ್ತಿದ್ದಾರೆ, ಪಾಪ.”

ಜನ ಮುಸಿಮುಸಿ ನಕ್ಕರು. ಪದವಿ ಕೈಜಾರುತ್ತಿರುವುದು ಅಧ್ಯಕ್ಷರಿಗೆ ತಿಳಿಯಿತು. ಫ್ಲಾಸ್ಕು ಎತ್ತಿ ಮುಚ್ಚಳ ತಿರುಗಿಸಿದರು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಾನ ಉಳಿಸಿಕೊಳ್ಳಲು ತಮಾಷೆಯೊಂದೇ ದಾರಿ.

“ಯಾವನೋ ಬಡಪಾಯಿ,” ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. “ಮನೇಲಿ ಬಾಯಿಬಡುಕಿ ಹೆಂಡ್ತಿ ಇರಬೇಕು.”

“ಹೆಂಡ್ತಿ ಅಲ್ಲ,” ಎಂದು ಅವರ ಹೆಂಡತಿ ಗುಂಪಿನಿಂದ ಮುಂದೆ ಬಂದು ಫ್ಲಾಸ್ಕು ಇಸಿದುಕೊಂಡಳು. ಮುಚ್ಚಳವನ್ನು ಒಮ್ಮೆ ಒತ್ತಿ, ಸಲೀಸಾಗಿ ತಿರುಗಿಸಿ, ನಿನ್ನೆಯ ಕಾಫಿ ಚೆಲ್ಲಿದಳು. “ಗಂಡ.”